ಕೋವಿ ಗುರುತಿನ ಕಾಲುದಾರಿ

“ಇದೆಂತ ಪುಟ್ಟಿ, ಶಿಕಾರಿಗೆ ಹೋಗೋ ದಾರಿಯಾ?”

ಕಾರಿನಿಂದ ಇಳಿದು, ಮಂಡಿಗೆ ಕಟ್ಟಿದ್ದ ಪಟ್ಟಿ ಸರಿಮಾಡಿಕೊಳ್ಳುತ್ತಾ ಅಪ್ಪಯ್ಯ ಕೇಳಿದ ಮೊದಲ ಪ್ರಶ್ನೆ ಇದು. ಎದುರಿಗೆ ಒಂದು ಬೋರ್ಡು. ಅದರ ಮೇಲೆ ಹಳೇ ಕಾಲದ ಉದ್ದನೆಯ ಕೋವಿ, ಜೊತೆಗೆ ಮದ್ದು ತುಂಬಿಡುವ ಕೊಂಬು. ಆ ಬೋರ್ಡನ್ನು ನಾನು ಹತ್ತು ವರ್ಷದಿಂದ ನೋಡುತ್ತಿದ್ದೇನೆ. ಅದರಲ್ಲಿರುವುದು ಕೋವಿ ಅಂತ ಒಂದು ದಿನವೂ ಗಮನಿಸಿರಲಿಲ್ಲ. ಕೊಪ್ಪದ ಹತ್ತಿರ ತೋಟ ಮಾಡಿಕೊಂಡು, ಹಂದಿ ಓಡಿಸೋಕೆ ಲೈಸೆನ್ಸ್ ಕೋವಿ ಇಟ್ಟುಕೊಂಡಿರುವವರ ಕಣ್ಣಿಗೆ ಮೊದಲು ಬಿದ್ದದ್ದೇ ಅದು.

ಶಿಕಾರಿ ಅಲ್ಲ. ಬ್ಲೂ ರಿಡ್ಜ್ ಪಾರ್ಕ್‌ವೇ ಎನ್ನುವ ಈ ಬೆಟ್ಟದ ರಸ್ತೆಯಲ್ಲಿ ಕೋವಿ ಮತ್ತು ಕೊಂಬಿನ ಗುರುತು ಕಂಡರೆ, ಅಲ್ಲಿಂದ ಒಂದು ಕಾಲುದಾರಿ ಶುರುವಾಗುತ್ತದೆ ಎಂದು ಅರ್ಥ. ನಿಜವಾಗಿ ಬೇಟೆ ಆಡಿದರೆ ಕೇಸು ಹಾಕುತ್ತಾರೆ.

ರಸ್ತೆ ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕದ ಪೂರ್ವಕ್ಕೆ ಅಪಲಾಚಿಯನ್ ಬೆಟ್ಟಸಾಲು ಇದೆಯಲ್ಲ, ಅದರ ಬೆನ್ನ ಮೇಲೆ ವರ್ಜೀನಿಯಾದಿಂದ ನಾರ್ತ್ ಕೆರೊಲಿನಾದ ಚೆರೋಕೀ ಊರಿನ ತನಕ 469 ಮೈಲು ಹೋಗುವ ರಸ್ತೆ ಇದು. 1935ರಲ್ಲಿ, ಜನಕ್ಕೆ ಕೆಲಸ ಇಲ್ಲದ ಕಾಲದಲ್ಲಿ, ಕೆಲಸ ಕೊಡೋಕೂ ಆಯ್ತು ಅಂತ ಶುರುಮಾಡಿದರು. ಕೊನೆಯ ತುಂಡು ಮುಗಿದದ್ದು 1987ರಲ್ಲಿ. ಇದನ್ನು ಹೇಳಿದಾಗ ಅಪ್ಪಯ್ಯ ಬೆರಳಲ್ಲಿ ಲೆಕ್ಕ ಹಾಕಿ, “52 ವರ್ಷ! ನಮ್ಮಲ್ಲಿ ಮಾತ್ರ ಅಂದ್ಕೊಂಡಿದ್ದೆ” ಎಂದು ಬಹಳ ಸಮಾಧಾನಪಟ್ಟರು. ಲಾರಿ ಬಿಡುವುದಿಲ್ಲ. ಜಾಹೀರಾತು ಬೋರ್ಡು ಇಲ್ಲ. ಹೆಚ್ಚೆಂದರೆ ಗಂಟೆಗೆ 45 ಮೈಲು ವೇಗ. ಇಡೀ ರಸ್ತೆಯಲ್ಲಿ ಒಂದು ಪೆಟ್ರೋಲ್ ಬಂಕೂ ಇಲ್ಲ, ಪಕ್ಕದ ಊರಿಗೆ ಇಳಿದೇ ಹಾಕಿಸಿಕೊಳ್ಳಬೇಕು. ಮೈಲಿಗೊಂದು ಕಲ್ಲು ಇದೆ, ವರ್ಜೀನಿಯಾ ತುದಿಯಲ್ಲಿ ಸೊನ್ನೆಯಿಂದ ಶುರು. ಇಲ್ಲಿ ವಿಳಾಸ ಅಂದರೆ ಮೈಲುಗಲ್ಲಿನ ನಂಬರೇ.

ಈ ರಸ್ತೆಗೆ ನಾವು ಮೊದಲು ಹೋದದ್ದು ನಾರ್ತ್ ಕೆರೊಲಿನಾದ ಶಾರ್ಲಟ್ ನಗರಕ್ಕೆ ಬಂದು ಮನೆ ಮಾಡಿದ ಮರುವರ್ಷ, ಅಕ್ಟೋಬರಿನಲ್ಲಿ. ಎಲೆಗಳೆಲ್ಲ ಕೆಂಪು ಹಳದಿ ಆಗಿರುತ್ತವೆ, ನೋಡಲೇಬೇಕು ಅಂತ ಆಫೀಸಿನಲ್ಲಿ ಎಲ್ಲರೂ ಹೇಳಿದ್ದರು. ಬೆಳಿಗ್ಗೆಯಿಂದ ಸಂಜೆ ತನಕ ಕಾರು ಓಡಿಸಿದೆವು. ಕಾರು ನಿಲ್ಲಿಸಿ ಕಣಿವೆ ನೋಡೋಕೆ ಅಂತ ಅಲ್ಲಲ್ಲಿ ಜಾಗ ಮಾಡಿದ್ದಾರೆ. ಪ್ರತಿಯೊಂದರಲ್ಲೂ ನಿಲ್ಲಿಸಿ, ಇಳಿದು, ಫೋಟೋ ತೆಗೆದು, ಮತ್ತೆ ಹತ್ತುವುದು. ಹತ್ತನೇ ಜಾಗದ ಹೊತ್ತಿಗೆ ನೀಲಿ ಬೆಟ್ಟ, ಅದರ ಹಿಂದೆ ಇನ್ನೊಂದು ನೀಲಿ ಬೆಟ್ಟ, ಅದರ ಹಿಂದೆ ಮತ್ತೊಂದು. ಹದಿನೈದನೆಯದರಲ್ಲಿ ದೊಡ್ಡವನು ಹಿಂದಿನ ಸೀಟಿನಲ್ಲಿ ವಾಂತಿ ಮಾಡಿದ. “ಚೆನ್ನಾಗಿದೆ, ಆದರೆ ಎಲ್ಲಾ ಒಂದೇ ಥರ” ಅಂತ ನಾನೇ ನಮ್ಮವರಿಗೆ ಹೇಳಿದ್ದೆ. ಕಾರಿನಿಂದ ನೋಡಿದರೆ ಅದು ಒಂದೇ ಥರವೇ. ಆಮೇಲಾಮೇಲೆ ಮಕ್ಕಳನ್ನು ಕಟ್ಟಿಕೊಂಡು ಒಂದೆರಡು ಕಾಲುದಾರಿ ನಡೆದೆವು. ಆದರೂ ನಾನು ನಡೆಯುತ್ತಿದ್ದದ್ದು ತುದಿಗೆ ಬೇಗ ತಲುಪಿ ಫೋಟೋ ತೆಗೆಯೋಕೆ.

2024ರ ಮೇ ತಿಂಗಳಲ್ಲಿ ಅಪ್ಪಯ್ಯ, ಅಮ್ಮ ಬಂದರು. ಎರಡು ವಾರಕ್ಕೆ ಅಪ್ಪಯ್ಯನಿಗೆ ಬೇಜಾರು ಹತ್ತಿತು. ಸಂಜೆ ವಾಕಿಂಗ್ ಹೋಗಿ ಅಂದರೆ ಮುಖ ಸಣ್ಣ ಮಾಡುತ್ತಿದ್ದರು. ಅವರಿಗೆ 71 ವರ್ಷ. ಹುಟ್ಟಿದಾಗಿನಿಂದ ಗುಡ್ಡ ಹತ್ತಿ ಇಳಿದವರು. ಆದರೆ ಸುಮ್ನೆ ನಡೆದವರಲ್ಲ. ಬೆಟ್ಟಕ್ಕೆ ಹೋಗೋದು ಅಂದರೆ ಸೊಪ್ಪು ತರೋಕೆ, ದನ ಹುಡುಕೋಕೆ, ನೀರಿನ ಪೈಪು ಎಲ್ಲಿ ಒಡೆದಿದೆ ನೋಡೋಕೆ. “ಕೆಲಸ ಇಲ್ದೆ ಎಂತಕ್ಕೆ ನಡೀಬೇಕು ಮಾರಾಯ್ತಿ?” ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಒಂದು ಶನಿವಾರ ಬುತ್ತಿ ಕಟ್ಟಿಸಿ ಕಾರು ಹತ್ತಿಸಿದೆ.

ಬ್ಲೋಯಿಂಗ್ ರಾಕ್ ಅನ್ನುವ ಊರಿನ ಹತ್ತಿರ ಪಾರ್ಕ್‌ವೇ ಹತ್ತಿ ಅರ್ಧ ಗಂಟೆ ಆಗಿರಬೇಕು. ಅಷ್ಟು ಹೊತ್ತೂ ಅವರು ಮಾತಾಡಲಿಲ್ಲ. ಆಮೇಲೆ ಹೇಳಿದರು, “ಇದು ಘಾಟಿ ಅಲ್ಲ.” ಯಾಕೆ ಅಂದೆ. “ಘಾಟಿ ಅಂದ್ರೆ ಇಳೀಬೇಕು. ಆಗುಂಬೆಯಲ್ಲಿ 14 ತಿರುವು ಇಳಿದ್ರೆ ಸೋಮೇಶ್ವರ, ಮುಗೀತು. ಇದು ಇಳಿಯೋದೇ ಇಲ್ಲ. ದಿಬ್ಬದ ನೆತ್ತಿ ಮೇಲೇ ಹೋಗ್ತಾ ಇದೆ.”

ಎಷ್ಟು ಸರಿ ಅಲ್ವಾ? ನಮ್ಮ ಘಾಟಿ ರಸ್ತೆಗಳು ಎಲ್ಲಿಂದಲೋ ಎಲ್ಲಿಗೋ ಹೋಗೋಕೆ ಇರುವಂಥವು. ಮಂಗಳೂರಿಗೆ ಅಡಿಕೆ ಹೋಗಬೇಕು, ಅಲ್ಲಿಂದ ಮೀನು ಬರಬೇಕು. ಬೆಟ್ಟ ಅಡ್ಡ ಬಂತು, ಸುತ್ತಿಕೊಂಡು ಇಳಿದರು. ಈ ರಸ್ತೆಗೆ ಹೋಗಬೇಕಾದ ಊರೇ ಇಲ್ಲ. ಬೆಟ್ಟ ತೋರಿಸೋಕೇ ಮಾಡಿದ್ದು. ಅದಕ್ಕೇ ಆದಷ್ಟೂ ನೆತ್ತಿ ಬಿಟ್ಟು ಇಳಿಯುವುದಿಲ್ಲ. ಇದರಿಂದ ನಡೆಯುವವರಿಗೆ ಒಂದು ದೊಡ್ಡ ಲಾಭ ಇದೆ. ಹತ್ತುವ ಕೆಲಸವನ್ನೆಲ್ಲ ಕಾರೇ ಮಾಡಿ ಮುಗಿಸಿರುತ್ತದೆ. ಬಾಗಿಲು ತೆಗೆದು ಇಳಿದರೆ ಬಹಳ ಕಡೆ ಆಗಲೇ ನಾಲ್ಕೈದು ಸಾವಿರ ಅಡಿ ಎತ್ತರ. ಮಂಡಿ ನೋವಿನವರೂ ಅರ್ಧ ಗಂಟೆ ನಡೆದು ಶಿಖರದ ಮೇಲೆ ನಿಲ್ಲಬಹುದು.

ಮೊದಲು ನಿಲ್ಲಿಸಿದ್ದು ಮೈಲು 302.8ರಲ್ಲಿ, ರಫ್ ರಿಡ್ಜ್ ಅಂತ. ಆ ಕೋವಿ ಬೋರ್ಡು ಇದ್ದದ್ದು ಇಲ್ಲೇ. ಶುರುವಿನಲ್ಲೇ ಒಂದು ಸಣ್ಣ ಹಳ್ಳ, ಅದಕ್ಕೊಂದು ಮರದ ಸಂಕ. ಸಂಕ ಕಂಡದ್ದೇ ಅಪ್ಪಯ್ಯನ ಮುಖ ಅರಳಿತು. ಕಾಲಿನಿಂದ ಒತ್ತಿ ನೋಡಿದರು. ಬಗ್ಗಿ ಅಡಿಯಲ್ಲಿ ಹೇಗೆ ಕೂರಿಸಿದ್ದಾರೆ ಅಂತ ನೋಡಿದರು. ನಮ್ಮ ಹಳ್ಳಕ್ಕೆ ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಅಡಿಕೆ ಮರ ಸೀಳಿ ಸಂಕ ಹಾಕುವವರು ಅವರೇ.

ಅಮ್ಮ ಕಾರಿನ ಹತ್ತಿರವೇ ಉಳಿದಳು. ಅವಳ ಚಿಂತೆ ಬೇರೆ. “ಇಲ್ಲಿ ಬಾತ್‌ರೂಮ್ ಎಲ್ಲಿದೆ ಅಂತ ಮೊದಲು ಹೇಳು, ಆಮೇಲೆ ನಿಮ್ಮ ಬೆಟ್ಟ.” ನ್ಯಾಯವಾದ ಪ್ರಶ್ನೆ. ರಫ್ ರಿಡ್ಜ್‌ನಲ್ಲಿ ಇಲ್ಲ.

ದಾರಿ ಕಲ್ಲು, ಬೇರು. ಮೈಲಿನ ಮೂರನೇ ಒಂದು ಪಾಲು ಹತ್ತಿದರೆ ಮರದ ಹಲಗೆಯ ಅಟ್ಟಣಿಗೆ ಬರುತ್ತದೆ. ಹತ್ತು ನಿಮಿಷದ ದಾರಿಗೆ ನಾವು ನಲವತ್ತು ನಿಮಿಷ ತೆಗೆದುಕೊಂಡೆವು. ಮಂಡಿ ನೋವು ಅರ್ಧ ಕಾರಣ. ಇನ್ನರ್ಧ, ಅವರಿಗೆ ಕೆಲಸ ಸಿಕ್ಕಿತ್ತು.

ಕಾಲುದಾರಿಗೆ ಅಡ್ಡಲಾಗಿ ಅಲ್ಲಲ್ಲಿ ಮರದ ದಿಮ್ಮಿ ಹೂತಿರುತ್ತಾರೆ. ನಾನು ಅದನ್ನು ಮೆಟ್ಟಿಲು ಅಂದುಕೊಂಡಿದ್ದೆ. ಮೆಟ್ಟಿಲಲ್ಲ. ದಾರಿಯ ಮೇಲೆ ಹರಿದು ಬರುವ ಮಳೆನೀರನ್ನು ತಡೆದು ಪಕ್ಕದ ಇಳಿಜಾರಿಗೆ ತಿರುಗಿಸೋಕೆ ಅದು. ಅಪ್ಪಯ್ಯನಿಗೆ ನೋಡಿದ ಕೂಡಲೇ ಗೊತ್ತಾಯಿತು. ಒಂದು ಕಡೆ ಎಲೆ, ಮಣ್ಣು ಸೇರಿ ನೀರು ಹೊರಗೆ ಹೋಗುವ ಬಾಯಿ ಕಟ್ಟಿಕೊಂಡಿತ್ತು. ತೋಟದ ಬಸಿಗಾಲುವೆ ಬಿಡಿಸಿದ ಹಾಗೆ, ದೊಣ್ಣೆಯ ತುದಿಯಲ್ಲಿ ಕೆರೆದು, ಬೂಟಿನಲ್ಲಿ ತಳ್ಳಿ, ಬಾಯಿ ಬಿಡಿಸಿದರು. “ನೋಡು, ನೀರು ದಾರಿ ಮೇಲೇ ಹರಿದ ಗುರುತು. ಹೀಗೇ ಬಿಟ್ರೆ ಎರಡು ಮಳೆಗಾಲಕ್ಕೆ ದಾರಿ ಹೋಗಿ ಹಳ್ಳ ಆಗ್ತದೆ.” ಮುಂದಿನದಕ್ಕೆ ಹೋದರು. ಅದನ್ನೂ ಬಿಡಿಸಿದರು. ಹಿಂದಿನಿಂದ ಬಂದ ಹುಡುಗನೊಬ್ಬ ಇವರನ್ನು ಪಾರ್ಕಿನವರು ಅಂತಲೇ ತಿಳಿದು ಥ್ಯಾಂಕ್ಸ್ ಹೇಳಿ ಹೋದ. ಅಪ್ಪಯ್ಯ ಗಂಭೀರವಾಗಿ ತಲೆ ಆಡಿಸಿದರು.

“ಇಂಬಳ ಇಲ್ವಾ?” ಅಂತ ಮಧ್ಯೆ ಕೇಳಿದರು. ಇಲ್ಲ ಅಂದೆ. “ಆನೆ?” ಇಲ್ಲ. “ಕಾಟಿ?” ಇಲ್ಲ. ಕರಿ ಕರಡಿ ಇದೆ ಅಂದೆ. ಅದಕ್ಕೆ ಅಷ್ಟು ಬೆಲೆ ಕೊಡಲಿಲ್ಲ. ಆದರೆ ಉಣುಗು ಇದೆ, ಕಚ್ಚಿದರೆ ಲೈಮ್ ಅಂತ ಕಾಯಿಲೆ ಬರಬಹುದು ಅಂದ ತಕ್ಷಣ ನಿಂತುಬಿಟ್ಟರು. ಪ್ಯಾಂಟಿನ ತುದಿಯನ್ನು ಸಾಕ್ಸ್ ಒಳಗೆ ಸೇರಿಸಿದರು. ನನಗೂ ಸೇರಿಸಿಕೊಳ್ಳೋಕೆ ಹೇಳಿದರು. ಮಲೆನಾಡಿನವರಿಗೆ ಉಣುಗು ಅಂದರೆ ತಮಾಷೆಯಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ, ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಇವತ್ತಿಗೂ ಬೇಸಿಗೆಯಲ್ಲಿ ಜೀವ ತೆಗೆಯುತ್ತದೆ. ಕಾಡಿಗೆ ಹೋಗುವವರಿಗೆ ಹಚ್ಚಿಕೊಳ್ಳೋಕೆ ಡೆಪಾ ಎಣ್ಣೆ ಹಂಚುತ್ತಾರೆ. “ಇಲ್ಲಿ ಎಣ್ಣೆ ಕೊಡಲ್ವಾ?” ಅಂದರು. ಕೊಡಲ್ಲ, ಅಂಗಡಿಯಲ್ಲಿ ಸ್ಪ್ರೇ ಸಿಗುತ್ತದೆ ಅಂದೆ. ಮನೆಗೆ ಬಂದ ಮೇಲೆ ಎಲ್ಲರ ಕುತ್ತಿಗೆ, ಕಿವಿಯ ಹಿಂದೆ ಟಾರ್ಚ್ ಹಾಕಿ ನೋಡಿದ್ದೂ ಅವರೇ. ಈ ಅಭ್ಯಾಸ ಈಗಲೂ ಉಳಿದಿದೆ. ನೀವೂ ಮಾಡಿ.

ಅಟ್ಟಣಿಗೆ ಹಾಕಿರುವುದು ನಮ್ಮ ಕಾಲಿಗಲ್ಲ, ಕೆಳಗಿನ ಗಿಡಗಳಿಗೆ. ಬಂಡೆಯ ಮೇಲೆ ಬೆರಳಷ್ಟು ಮಣ್ಣಿನಲ್ಲಿ ಬೆಳೆದ ಗಿಡಗಳವು, ತುಳಿದರೆ ಮತ್ತೆ ಬರುವುದು ಕಷ್ಟ. ಅಲ್ಲಿ ನಿಂತರೆ ಬಲಕ್ಕೆ ಗ್ರಾಂಡ್‌ಫಾದರ್ ಬೆಟ್ಟ, ಅದರ ಸೊಂಟಕ್ಕೆ ಸುತ್ತಿದ ಬಿಳಿ ಉಡಿದಾರದ ಹಾಗೆ ಒಂದು ಸೇತುವೆ ಕಾಣುತ್ತದೆ. ಲಿನ್ ಕೋವ್ ವಯಾಡಕ್ಟ್. “ಆ ಸಂಕ ನೋಡ್ಬೇಕು” ಅಂದರು ಅಪ್ಪಯ್ಯ.

ಹಾಗಾಗಿ ಮುಂದಿನ ನಿಲುಗಡೆ ಮೈಲು 304.4. ಬಹುಪಾಲು ಜನ ಈ ಸೇತುವೆಯ ಮೇಲೆ ಕಾರು ಓಡಿಸಿ ಹೋಗಿಬಿಡುತ್ತಾರೆ. ನಾನೂ ಅಷ್ಟೇ ಮಾಡಿದ್ದೆ. ಆದರೆ ಇದನ್ನು ನೋಡಬೇಕಾದದ್ದು ಅಡಿಯಿಂದ. ಅಲ್ಲಿನ ಸಣ್ಣ ಕಟ್ಟಡದ ಪಕ್ಕದಿಂದ ಒಂದು ದಾರಿ ಸೀದಾ ಸೇತುವೆಯ ಕೆಳಗೆ ಹೋಗುತ್ತದೆ. ಐದು ನಿಮಿಷ ಸಾಕು. ಜಾಸ್ತಿ ನಡೆಯುವವರಿಗೆ ಅಲ್ಲಿಂದಲೇ ತನಾವ ದಾರಿ ಸಿಗುತ್ತದೆ, ಒಟ್ಟು 13.5 ಮೈಲು. ರಫ್ ರಿಡ್ಜ್ ಕೂಡ ಅದರದೇ ಒಂದು ತುಂಡು.

ಇದರ ಕತೆ ಅಪ್ಪಯ್ಯನಿಗೆ ಬಹಳ ಹಿಡಿಸಿತು. ಈ ಬೆಟ್ಟದಲ್ಲಿ ಇನ್ನೂ ಎತ್ತರದಲ್ಲಿ ರಸ್ತೆ ಕಡಿಯಬೇಕು ಅಂತ ಸರ್ಕಾರ ಹಟ ಹಿಡಿದಿತ್ತು. ಬೆಟ್ಟದ ಮಾಲೀಕ ಹ್ಯೂ ಮಾರ್ಟನ್ ಒಪ್ಪಲಿಲ್ಲ. ವರ್ಷಗಟ್ಟಲೆ ಜಗ್ಗಾಟ. ಕೊನೆಗೆ ಬೆಟ್ಟ ಕಡಿಯದೆ, ಬದಿಯಲ್ಲಿ ಸೇತುವೆ ತೇಲಿಸಿಕೊಂಡು ಹೋಗೋಣ ಅಂತಾಯಿತು. ಉದ್ದ 1,243 ಅಡಿ. ಕಾಂಕ್ರೀಟಿನ 153 ತುಂಡು, ಒಂದೊಂದೂ ಸುಮಾರು 50 ಟನ್. ಸೇತುವೆಯ ತುದಿಯಲ್ಲೇ ಕ್ರೇನು ನಿಲ್ಲಿಸಿ ಮುಂದಿನ ತುಂಡು ಜೋಡಿಸುವುದು, ಅದರ ಮೇಲೆ ಮುಂದೆ ಹೋಗುವುದು. ಕಂಬಗಳನ್ನೂ ಮೇಲಿನಿಂದಲೇ ಇಳಿಸಿದರು. ಕೆಳಗೆ ಲಾರಿ ಬರೋಕೆ ರಸ್ತೆಯನ್ನೇ ಮಾಡಲಿಲ್ಲ. ಇಡೀ ರಸ್ತೆಯಲ್ಲಿ ಕೊನೆಗೆ ಮುಗಿದ ತುಂಡು ಅಂದೆನಲ್ಲ, ಅದು ಇದೇ ಜಾಗ.

ಅಪ್ಪಯ್ಯ ಕಂಬದ ಬುಡದಲ್ಲಿ ನಿಂತು ಸುತ್ತ ನೋಡಿದರು. ಪಾಚಿ ಹಿಡಿದ ಕಾರಿನಷ್ಟು ದೊಡ್ಡ ಬಂಡೆಗಳು, ಅವುಗಳ ಸಂದಿಯಲ್ಲಿ ಮರ. ಮೇಲೆ ಕಾರು ಹೋಗುವಾಗ ದಡ್ ದಡ್ ಅಂತ ಜೋಡಣೆಯ ಸದ್ದು. “ಕೆಳಗಿನ ಕಲ್ಲು ಒಂದೂ ಅಲ್ಲಾಡಿಸಿಲ್ಲ” ಅಂದರು. ಆಮೇಲೆ, “ನಮ್ಮಲ್ಲಿ ರಸ್ತೆ ಅಗಲ ಮಾಡೋಕೆ ಗುಡ್ಡನ ಗೋಡೆ ಥರ ಕೊಯ್ದು ಬಿಡ್ತಾರೆ. ಮಳೆಗೆ ಅದು ಕೂತ್ಕೊಳ್ಳದೆ ಇನ್ನೆಂತ ಮಾಡ್ತದೆ?”

ಮೂರನೇ ವಾರ ಇನ್ನೂ ದಕ್ಷಿಣಕ್ಕೆ, ಆಶ್‌ವಿಲ್ ಮೇಲಿನ ಕ್ರ್ಯಾಗಿ ಗಾರ್ಡನ್ಸ್. ಮೈಲು 364. ಜೂನ್ ಮಧ್ಯದಲ್ಲಿ ಅಲ್ಲಿ ರೋಡೋಡೆಂಡ್ರನ್ ಹೂವು. ಬೆಟ್ಟದ ತುಂಬ ನಸುನೇರಳೆ. ಶಿಖರಕ್ಕೆ ಮುಕ್ಕಾಲು ಮೈಲು ಕೂಡ ಇಲ್ಲ, ದಾರಿಯುದ್ದಕ್ಕೂ ತಿರುಚಿದ ಕೊಂಬೆಗಳ ಸುರಂಗ. ಚೆನ್ನಾಗಿದೆ, ಹೋಗಿ. ಆದರೆ ಶನಿವಾರ ಹತ್ತು ಗಂಟೆಯ ಮೇಲೆ ಹೋದರೆ ಕಾರು ನಿಲ್ಲಿಸೋಕೆ ಜಾಗ ಇರುವುದಿಲ್ಲ. ನಾವು ಎರಡು ಸುತ್ತು ಹೊಡೆದು ಜಾಗ ಹಿಡಿದೆವು. ಅಮ್ಮ ಇಲ್ಲಿ ಬಂದಳು, ಯಾಕೆಂದರೆ ಇಲ್ಲಿ ಬಾತ್‌ರೂಮ್ ಇತ್ತು.

ನನಗೆ ಹೇಳಬೇಕಾಗಿರುವುದು ಅಲ್ಲಿಂದ ಉತ್ತರಕ್ಕೆ ಸುಮಾರು ಒಂಬತ್ತು ಮೈಲಿನಲ್ಲಿ ತಿರುವು ಸಿಗುವ ಮೌಂಟ್ ಮಿಚೆಲ್ ಬಗ್ಗೆ. ಮಿಸಿಸಿಪ್ಪಿ ನದಿಯಿಂದ ಪೂರ್ವಕ್ಕೆ ಇಡೀ ಅಮೆರಿಕದಲ್ಲಿ ಇದಕ್ಕಿಂತ ಎತ್ತರದ ಶಿಖರ ಇಲ್ಲ. 6,684 ಅಡಿ. “ಮುಳ್ಳಯ್ಯನಗಿರಿಗಿಂತ ಎತ್ತರವಾ?” ಅಂತ ಅಪ್ಪಯ್ಯ. ಮುಳ್ಳಯ್ಯನಗಿರಿ 1,930 ಮೀಟರ್, ಇದು 2,037. “ನೂರು ಮೀಟರಿಗೆ ಇಷ್ಟೊಂದು ಬೋರ್ಡಾ” ಅಂದರು. ತುದಿಯ ಹತ್ತಿರದ ತನಕ ಕಾರು ಹೋಗುತ್ತದೆ. ಆಮೇಲೆ ಕಾಲು ಮೈಲಿನ ಸಿಮೆಂಟು ದಾರಿ, ಸ್ವಲ್ಪ ಕಡಿದು. ಶಾರ್ಲಟ್‌ನಲ್ಲಿ ಬೆವರು ಸುರಿಯುತ್ತಿತ್ತು, ಇಲ್ಲಿ ಅಮ್ಮ ಶಾಲು ಹೊದ್ದಳು.

ತುದಿಯಲ್ಲಿ ಒಂದು ಸಮಾಧಿ ಇದೆ. ಎಲೈಶಾ ಮಿಚೆಲ್ ಅಂತ ಮೇಷ್ಟ್ರು, ಯೂನಿವರ್ಸಿಟಿಯಲ್ಲಿ ಪಾಠ ಹೇಳುತ್ತಿದ್ದವರು. 1835ರಲ್ಲಿ ಬಂದು ಈ ಬೆಟ್ಟ ಅಳೆದು, ಇದೇ ಎತ್ತರ ಅಂದರು. ಅವರದೇ ಹಳೇ ಶಿಷ್ಯ ಥಾಮಸ್ ಕ್ಲಿಂಗ್‌ಮನ್ ಜಗಳ ತೆಗೆದ. ನೀವು ಅಳೆದದ್ದು ಬೇರೆ ಶಿಖರ, ಎತ್ತರದ್ದನ್ನು ಅಳೆದದ್ದು ನಾನು ಅಂತ. ಪೇಪರಿನಲ್ಲೆಲ್ಲ ಜಗಳವಾಯಿತು. ಮೇಷ್ಟ್ರು 63ನೇ ವಯಸ್ಸಿನಲ್ಲಿ ಮತ್ತೆ ಅಳೆಯೋಕೆ ಬಂದರು. 1857ರ ಜೂನ್ 27ರಂದು ಒಬ್ಬರೇ ಹೋಗುವಾಗ ಜಲಪಾತದ ಮೇಲಿಂದ ಜಾರಿ ಬಿದ್ದು ತೀರಿಕೊಂಡರು. ಮರುವರ್ಷ ಹೆಣವನ್ನು ತುದಿಗೆ ತಂದು ಹೂತರು. ಬೆಟ್ಟಕ್ಕೆ ಮೇಷ್ಟ್ರ ಹೆಸರು ಉಳಿಯಿತು. ಶಿಷ್ಯನ ಹೆಸರಿನಲ್ಲೂ ಒಂದು ಶಿಖರ ಇತ್ತು, ಕ್ಲಿಂಗ್‌ಮನ್ಸ್ ಡೋಮ್. 41 ಅಡಿ ಗಿಡ್ಡ. 2024ರ ಸೆಪ್ಟೆಂಬರಿನಲ್ಲಿ ಅದರ ಹೆಸರನ್ನೂ ಬದಲಿಸಿ ಹಳೇ ಚೆರೋಕೀ ಹೆಸರು ಕುವೋಹಿ ಇಟ್ಟರು.

ಅಮ್ಮ ಸಮಾಧಿಗೆ ಕೈ ಮುಗಿದಳು. ಅಪ್ಪಯ್ಯ ಅಲ್ಲಿರಲಿಲ್ಲ. ಹುಡುಕಿದರೆ ಸ್ವಲ್ಪ ಕೆಳಗೆ, ದಾರಿಯ ಅಂಚಿನಲ್ಲಿ ನಿಂತಿದ್ದರು. ಎದುರಿಗೆ ಸತ್ತ ಮರಗಳು. ತೊಗಟೆ ಉದುರಿ, ಬೆಳ್ಳಗೆ, ಎಲೆಯಿಲ್ಲದೆ, ಸಾಲಾಗಿ ನಿಂತ ಬೋಳು ಕಾಂಡಗಳು.

“ಇದಕ್ಕೆ ಎಂತ ರೋಗ?”

ಫ್ರೇಜರ್ ಫರ್ ಅಂತ ಮರ ಅದು. ಈ ಎತ್ತರದಲ್ಲಿ ಮಾತ್ರ ತಾನಾಗಿ ಬೆಳೆಯುತ್ತದೆ. ಯುರೋಪಿನಿಂದ ಬಂದ ಒಂದು ಹೇನು ಇದಕ್ಕೆ ಹತ್ತಿತು. ಕಣ್ಣಿಗೆ ಕಾಣದಷ್ಟು ಸಣ್ಣ, ಮೈಮೇಲೆ ಬಿಳಿ ಹತ್ತಿಯಂಥ ಹೊದಿಕೆ. ಈ ಕಡೆಯ ಬೆಟ್ಟಗಳಲ್ಲಿ ಅದು ಮೊದಲು ಸಿಕ್ಕಿದ್ದು ಇದೇ ಮೌಂಟ್ ಮಿಚೆಲ್‌ನಲ್ಲಿ, 1957ರಲ್ಲಿ. ತೊಗಟೆ ಬಿರಿಯುವ ವಯಸ್ಸಿನ ದೊಡ್ಡ ಮರಗಳನ್ನೇ ಹಿಡಿಯುತ್ತದೆ. ಹೆಚ್ಚಿನವು ಹೋದವು. ಬೋರ್ಡಿನಲ್ಲಿ ಓದಿದ್ದು, ಫೋನಿನಲ್ಲಿ ಓದಿದ್ದು ಸೇರಿಸಿ ಇಷ್ಟು ಹೇಳಿದೆ.

“ಮದ್ದು ಹೊಡೆಯಲ್ವಾ?”

ಇಡೀ ಬೆಟ್ಟಕ್ಕೆ ಹೇಗೆ ಹೊಡೆಯುವುದು ಅಂದೆ. ಅವರು ಮಾತಾಡಲಿಲ್ಲ. ಕೊಪ್ಪ, ಶೃಂಗೇರಿ ಕಡೆಯವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಅಡಿಕೆ ತೋಟದ ಅರ್ಧ ಹಳದಿ ಎಲೆ ರೋಗಕ್ಕೆ ಹೋಗಿದೆ. ಉಳಿದದ್ದಕ್ಕೆ ಈಗ ಎಲೆಚುಕ್ಕಿ ರೋಗ. ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆದರೆ ನಿಲ್ಲುತ್ತದೆ. ಹಳದಿಗೆ ಮದ್ದಿಲ್ಲ. ತುದಿ ಚಿಕ್ಕದಾಗಿ, ಸೋಗೆ ಹಳದಿಯಾಗಿ, ಕೊನೆಗೆ ಮಂಡೆ ಇಲ್ಲದ ಕಂಬಗಳು ನಿಲ್ಲುತ್ತವೆ. ಅಜ್ಜ ನೆಟ್ಟ ಮರಗಳನ್ನು ಅಪ್ಪಯ್ಯ ತುಂಬ ವರ್ಷ ಕಡಿಸದೆ ಹಾಗೇ ಬಿಟ್ಟಿದ್ದರು.

ಬೆಳ್ಳಗಿನ ಕಾಂಡಗಳ ಬುಡದಲ್ಲಿ ಮೊಣಕಾಲೆತ್ತರದಿಂದ ತಲೆಯೆತ್ತರದ ತನಕ ಹಸಿರು ಸಸಿಗಳು ಒತ್ತಾಗಿ ಬಂದಿದ್ದವು. ಅಪ್ಪಯ್ಯ ಒಂದರ ತುದಿ ಹಿಡಿದು, ಸೂಜಿ ಎಲೆ ಉಜ್ಜಿ, ಮೂಸಿ ನೋಡಿದರು. ನನಗೂ ಕೊಟ್ಟರು. ಡಿಸೆಂಬರಿನಲ್ಲಿ ಅಂಗಡಿ ಮುಂದೆ ಕ್ರಿಸ್‌ಮಸ್ ಮರ ಮಾರುತ್ತಾರಲ್ಲ, ಅದೇ ವಾಸನೆ. ಅದೂ ಇದೇ ಜಾತಿ, ಈ ಬೆಟ್ಟದ ತಪ್ಪಲಿನ ತೋಟಗಳಲ್ಲಿ ಬೆಳೆಸುತ್ತಾರೆ. ಹತ್ತು ವರ್ಷ ಮನೆಗೆ ಆ ಮರ ತಂದಿದ್ದೇನೆ. ಅದರ ಊರು ಇದು ಅಂತ ಗೊತ್ತಿರಲಿಲ್ಲ.

ಆಗಸ್ಟಿನಲ್ಲಿ ಗ್ರೇವ್‌ಯಾರ್ಡ್ ಫೀಲ್ಡ್ಸ್‌ಗೆ ಹೋದೆವು, ಮೈಲು 418.8. ಹೆಸರಿನ ಅರ್ಥ ಹೇಳಿದ್ದೇ ತಪ್ಪಾಯಿತು. “ಈ ವಯಸ್ಸಲ್ಲಿ ನಮ್ಮನ್ನ ಸ್ಮಶಾನಕ್ಕೆ ಕರ್ಕೊಂಡು ಹೋಗ್ತಾಳಂತೆ ನೋಡು” ಅಂತ ಅಮ್ಮ ಫೋನಿನಲ್ಲಿ ಚಿಕ್ಕಮ್ಮನಿಗೆ ಹೇಳಿದ್ದು ಕೇಳಿಸಿತು. ಯಾರನ್ನೂ ಹೂತಿಲ್ಲ. ಹಿಂದೆ ಬಿದ್ದ ಮರಗಳ ಬುಡಕ್ಕೆ ಪಾಚಿ ಹಿಡಿದು ಗೋರಿಗಳ ಹಾಗೆ ಕಾಣುತ್ತಿದ್ದವಂತೆ. 1925ರ ಬೆಂಕಿಯಲ್ಲಿ ಅವೂ ಸುಟ್ಟವು, ಕಾಡೂ ಸುಟ್ಟಿತು. ಆ ಕಣಿವೆಯಲ್ಲಿ ಇವತ್ತಿಗೂ ದೊಡ್ಡ ಮರ ಕಡಿಮೆ. ಪೊದೆ, ಹುಲ್ಲು, ಮತ್ತು ಆಗಸ್ಟಿನಲ್ಲಿ ಕಾಡು ಬ್ಲೂಬೆರಿ.

ಇಲ್ಲಿ ಮಾತ್ರ ಅಮ್ಮ ಎಲ್ಲರಿಗಿಂತ ಮುಂದೆ. ಸೀರೆ ಮೇಲೆ ನನ್ನ ಹಳೇ ಶೂ, ಕೈಯಲ್ಲಿ ಮೊಸರಿನ ಡಬ್ಬಿ. ತಿನ್ನೋಕೆ ಕೊಯ್ದುಕೊಳ್ಳಬಹುದು, ತಪ್ಪಿಲ್ಲ ಅಂತ ಹೇಳಿದ ಮೇಲೆ ಹಿಡಿಯುವವರಿಲ್ಲ. ಹಣ್ಣು ಅಂಗಡಿಯದಕ್ಕಿಂತ ಸಣ್ಣದು, ಹುಳಿ ಜಾಸ್ತಿ. “ಕೌಳಿ ಹಣ್ಣಿಗೆ ಹೋದ ಹಾಗೇ ಆಯ್ತು” ಅಂತ ನಾಲಿಗೆ ನೀಲಿ ಮಾಡಿಕೊಂಡು ನಿಂತಳು. ನಾನು ಕೆಳಗಿನ ಜಲಪಾತದ ಹತ್ತಿರ ಒದ್ದೆ ಬಂಡೆಯ ಮೇಲೆ ಫೋಟೋ ತೆಗೆಯೋಕೆ ಹೋಗಿ ಜಾರಿ ಕೂತೆ. ಪಾದ ಉಳುಕಿತು. ಪಾಚಿ ಕಲ್ಲಿನ ಮೇಲೆ ಕಾಲಿಡಬೇಡ ಅಂತ ಐದು ವರ್ಷದವಳಿದ್ದಾಗಿನಿಂದ ಹೇಳಿಸಿಕೊಂಡವಳು ನಾನು. ವಾಪಸ್ ಬರುವಾಗ ದೊಣ್ಣೆ ನನ್ನ ಕೈಯಲ್ಲಿತ್ತು, ಅಪ್ಪಯ್ಯ ಮುಂದೆ ನಡೆದರು.

ಸೆಪ್ಟೆಂಬರ್ ಮೊದಲ ವಾರ ಅವರು ಊರಿಗೆ ಹೋದರು. 27ಕ್ಕೆ ಹೆಲೀನ್ ಚಂಡಮಾರುತ ಬಂತು.

ಮೌಂಟ್ ಮಿಚೆಲ್‌ನಲ್ಲಿ ಮೂರು ದಿನಕ್ಕೆ ಸುಮಾರು 24 ಇಂಚು ಮಳೆ. ಅಪ್ಪಯ್ಯನಿಗೆ ಫೋನಿನಲ್ಲಿ ಹೇಳಿದರೆ, “ಸರಿಯಾಗಿ ನೋಡು, ಇಂಚಾ ಸೆಂಟಿಮೀಟರಾ?” ಅಂದರು. ಅವರು ಅಂಗಳದಲ್ಲಿ ಮಳೆ ಅಳೆದು ಡೈರಿಯಲ್ಲಿ ಬರೆಯುವವರು. ಇಂಚೇ ಅಂದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ನಾರ್ತ್ ಕೆರೊಲಿನಾ ಒಂದರಲ್ಲೇ 100ಕ್ಕೂ ಹೆಚ್ಚು ಜನ ತೀರಿಕೊಂಡರು. ಆಶ್‌ವಿಲ್ ಸುತ್ತ ವಾರಗಟ್ಟಲೆ ಕುಡಿಯುವ ನೀರಿಲ್ಲ. ಪಾರ್ಕ್‌ವೇಯ 469 ಮೈಲನ್ನೂ ಮುಚ್ಚಿದರು. 50ಕ್ಕೂ ಹೆಚ್ಚು ಕಡೆ ಗುಡ್ಡ ಜರಿದಿತ್ತು. ಕೆಲವು ಕಡೆ ಅರ್ಧ ರಸ್ತೆಯೇ ಕಣಿವೆಗೆ ಹೋಗಿತ್ತು. ಫೋಟೋ ಕಳಿಸಿದೆ. “ಚಾರ್ಮಾಡಿ” ಅಂತ ಒಂದೇ ಮಾತು ಬರೆದು ಕಳಿಸಿದರು. 2019ರ ಆಗಸ್ಟಿನಲ್ಲಿ ಚಾರ್ಮಾಡಿಯಲ್ಲಿ ಸಾಲು ಸಾಲು ಕುಸಿದದ್ದು ಹಾಗೇ ಇತ್ತು, ಕೆಂಪು ಮಣ್ಣು, ಬೇರು ಮೇಲಾದ ಮರ, ತುಂಡಾದ ಟಾರು.

ತಿಂಗಳು ಕಳೆದಂತೆ ರಸ್ತೆಯನ್ನು ತುಂಡು ತುಂಡಾಗಿ ತೆಗೆದರು. ದುರಸ್ತಿ ದೊಡ್ಡದು, ಹಾಗಾಗಿ ಹೊರಡುವ ಮುಂಚೆ ಪಾರ್ಕ್ ಸರ್ವಿಸ್‌ನವರ ಮ್ಯಾಪಿನಲ್ಲಿ ಯಾವ ಮೈಲು ತೆಗೆದಿದೆ, ಯಾವುದು ಮುಚ್ಚಿದೆ ಅಂತ ಮನೆಯಲ್ಲೇ ನೋಡಿಕೊಳ್ಳಿ. ಮೇಲೆ ಹೋದ ಮೇಲೆ ಫೋನ್ ಸಿಗ್ನಲ್ ನಂಬಬೇಡಿ. ರಸ್ತೆ ತೆರೆದಿದೆ ಅಂದ ಮಾತ್ರಕ್ಕೆ ಕಾಲುದಾರಿ ತೆರೆದಿದೆ ಅಂತಲ್ಲ, ಅದನ್ನು ಬೇರೆಯಾಗಿ ನೋಡಬೇಕು. ಮುಚ್ಚಿದ ಗೇಟು ಹಾರಿ ನಡೆಯುವವರನ್ನು ನಾನೇ ನೋಡಿದ್ದೇನೆ. ಮಾಡಬೇಡಿ.

ಮೌಂಟ್ ಮಿಚೆಲ್ ಸುಮಾರು ಒಂದು ವರ್ಷ ಮುಚ್ಚಿತ್ತು. 2025ರ ಸೆಪ್ಟೆಂಬರಿನಲ್ಲಿ ತೆಗೆದರು. ಅಕ್ಟೋಬರಿನಲ್ಲಿ ನಾನು, ಚಿಕ್ಕವಳು ಇಬ್ಬರೇ ಹೋದೆವು. ಈ ಸಲ ದಾರಿಯಲ್ಲಿ ಒಂದು ಕಡೆ ದಿಮ್ಮಿಯ ಬಾಯಿ ಕಟ್ಟಿಕೊಂಡಿರುವುದು ನನಗೇ ಕಂಡಿತು. ದೊಣ್ಣೆ ತಂದಿರಲಿಲ್ಲ, ಶೂನಲ್ಲಿ ಕೆರೆದೆ. ಚಿಕ್ಕವಳಿಗೆ ನಾಚಿಕೆ. “ಅಮ್ಮಾ, ಜನ ನೋಡ್ತಿದ್ದಾರೆ.”

ಸತ್ತ ಮರಗಳು ಕೆಲವು ಬಿದ್ದಿದ್ದವು. ಸಸಿಗಳು ನಿಂತಿದ್ದವು. ಅವುಗಳದೇ ಫೋಟೋ ತೆಗೆದು, ಕೆಳಗೆ ಸಿಗ್ನಲ್ ಬಂದ ಮೇಲೆ ಕಳಿಸಿದೆ. ಮರುದಿನ ವಿಡಿಯೋ ಕಾಲ್ ಮಾಡಿದಾಗ ಅಪ್ಪಯ್ಯ ಅದನ್ನು ದೊಡ್ಡದು ಮಾಡಿ ನೋಡಿ ಆಗಿತ್ತು.

“ಇದು ಎಷ್ಟು ವರ್ಷದ ಗಿಡ?”

“ಹತ್ತು ಹನ್ನೆರಡು ಇರಬಹುದು ಅಪ್ಪಯ್ಯ.”

“ಆ ಹುಳ ತೊಗಟೆ ಬಿರಿದ ಮೇಲೆ ಹಿಡಿಯೋದು ಅಂದಿದ್ಯಲ್ಲ. ಹಾಗಾದ್ರೆ ಈಗಲೇ ಎಂತ ಹೇಳೋಕೆ ಬರ್ತದೆ.” ಸ್ವಲ್ಪ ತಡೆದು, “ನಾನೂ ಮೇಲಿನ ಹಾಳಿಯಲ್ಲಿ ಇನ್ನೂರು ಅಡಿಕೆ ಸಸಿ ಇಡಿಸ್ದೆ” ಅಂದರು. ಹಳದಿ ರೋಗ ಬಂದು ಬೋಳಾದ ಜಾಗ ಅದು. ಯಾಕೆ ಅಂತ ನಾನು ಕೇಳುವಷ್ಟರಲ್ಲಿ ಅಮ್ಮ ಫೋನ್ ಕಸಿದುಕೊಂಡಳು.

“ಅಲ್ಲಿ ಮೇಲೆ ಬಾತ್‌ರೂಮ್ ತೆಗೆದಿದ್ದಾರಾ ಈಗ?”